ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಮತ್ತು ಡೆಸ್ಕ್‌ಟಾಪ್ ತಂತ್ರಾಂಶ: ಆರಂಭಿಕ ಕಲಿಕೆ

ಮಾಹಿತಿಯನ್ನೂ ಆ ಮಾಹಿತಿಯ ಮೇಲೆ ನಡೆಯುವ ಲೆಕ್ಕವನ್ನೂ ಬೇರೆ ಬೇರೆ ಇಡದೆ ಒಂದೇ ಗಂಟಿನಲ್ಲಿ ಇರಿಸಿ, ಅಂಥ ಗಂಟುಗಳಿಂದ ತಂತ್ರಾಂಶ ರೂಪಿಸುವ ಪದ್ಧತಿಗೆ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಎಂದು ಹೆಸರು. ಕರ್ನಾಟಕದ ವಿದ್ಯಾರ್ಥಿಗಳ ಬಾಯಲ್ಲಿ ಇದು ‘ಊಪ್ಸ್’. ಬ್ರೌಸರ್‌ನ ಹಂಗಿಲ್ಲದೆ ಕಂಪ್ಯೂಟರ್‌ನಲ್ಲೇ ನೆಲೆಸಿ, ತನ್ನದೇ ಕಿಟಕಿ ತೆರೆದು ಕೆಲಸ ಮಾಡುವ ತಂತ್ರಾಂಶ ಡೆಸ್ಕ್‌ಟಾಪ್ ತಂತ್ರಾಂಶ. ಬರಹ, ನುಡಿ, ಟ್ಯಾಲಿ ಇದಕ್ಕೆ ಕನ್ನಡಿಗರಿಗೆ ಚಿರಪರಿಚಿತ ಉದಾಹರಣೆಗಳು. ಹೊಸಬರಿಗೆ ಇವೆರಡನ್ನೂ ಜೊತೆಯಲ್ಲಿ ಕಲಿಸುವುದು ಬಹಳ ಕಾಲದಿಂದ ನಡೆದುಬಂದ ಕ್ರಮ. ಕಿಟಕಿ, ಗುಂಡಿ, ಪಟ್ಟಿ ಎಲ್ಲವೂ ಒಂದೊಂದು ಆಬ್ಜೆಕ್ಟ್ ಆಗಿರುವುದರಿಂದ, ಪುಸ್ತಕದಲ್ಲಿ ಅಮೂರ್ತವಾಗಿ ಕಾಣುವ ವಿಚಾರ ಪರದೆಯ ಮೇಲೆ ಕಣ್ಣಿಗೆ ಬೀಳುತ್ತದೆ.

ಈ ಲೇಖನ ವಿಷಯದ ಸಾಮಾನ್ಯ ಪರಿಚಯ ಕೊಡುತ್ತದೆ. ಉದಾಹರಣೆಗಳನ್ನು ಮಂಡ್ಯ ಜಿಲ್ಲೆಯ ಕಬ್ಬಿನ ಸೀಮೆಯಿಂದ, ಮುಖ್ಯವಾಗಿ ಸಕ್ಕರೆ ಕಾರ್ಖಾನೆ ಇರುವ ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಯ ಸುತ್ತಿನಿಂದ ಆರಿಸಿಕೊಂಡಿದೆ.

ಹುಟ್ಟು ಮತ್ತು ಬೆಳವಣಿಗೆ

ಈ ಪದ್ಧತಿಯ ತವರು ನಾರ್ವೆ. ಓಸ್ಲೋದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರ್‌ನಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗೋರ್ 1960ರ ದಶಕದಲ್ಲಿ ಸಿಮ್ಯುಲಾ ಭಾಷೆಯನ್ನು ರೂಪಿಸಿದರು. ಸರದಿ ಕಾಯುವುದು, ಸೇವೆ ಪಡೆಯುವುದು, ಹೊರಡುವುದು ಮುಂತಾಗಿ ಹೊರಜಗತ್ತಿನಲ್ಲಿ ನಡೆಯುವುದನ್ನು ಕಂಪ್ಯೂಟರ್‌ನೊಳಗೆ ಅನುಕರಿಸಿ ನೋಡುವುದು ಅದರ ಉದ್ದೇಶವಾಗಿತ್ತು. ಕಬ್ಬು ಅರೆಯುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಯಾರ್ಡಿನ ಮುಂದೆ ನಿಲ್ಲುವ ಟ್ರ್ಯಾಕ್ಟರ್ ಸಾಲು ಅಂಥ ಅನುಕರಣೆಗೆ ಹೇಳಿ ಮಾಡಿಸಿದ ವಸ್ತು. ಸಿಮ್ಯುಲಾ 67ರಲ್ಲಿ ಕ್ಲಾಸ್, ಆಬ್ಜೆಕ್ಟ್, ಇನ್ಹೆರಿಟೆನ್ಸ್ ಮೂರೂ ಇದ್ದವು. ಇದಕ್ಕಾಗಿ ಇಬ್ಬರಿಗೂ 2001ರ ಟ್ಯೂರಿಂಗ್ ಪ್ರಶಸ್ತಿ ಸಂದಿತು.

1970ರ ದಶಕದಲ್ಲಿ ಅಮೆರಿಕದ ಝೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಅಲನ್ ಕೇ, ಡಾನ್ ಇಂಗಲ್ಸ್, ಅಡೆಲ್ ಗೋಲ್ಡ್‌ಬರ್ಗ್ ಮೊದಲಾದವರು ಸ್ಮಾಲ್‌ಟಾಕ್ ಭಾಷೆಯನ್ನು ಕಟ್ಟಿದರು. ಕಿಟಕಿ, ಮೌಸ್, ಮೆನು ಇರುವ ಪರದೆ ಹದಗೊಂಡದ್ದೂ ಅಲ್ಲಿಯೇ. ಹೀಗೆ ಆಬ್ಜೆಕ್ಟ್ ಮತ್ತು ಕಿಟಕಿ ಒಂದೇ ಸೂರಿನಡಿ ಬೆಳೆದವು. ಅಲ್ಲಿಗೆ ಅತಿಥಿಯಾಗಿ ಹೋಗಿದ್ದ ನಾರ್ವೆಯ ಟ್ರಿಗ್ವೆ ರೀನ್‌ಸ್ಕೌಗ್ 1979ರಲ್ಲಿ ಮಾಡೆಲ್-ವ್ಯೂ-ಕಂಟ್ರೋಲರ್ ವಿನ್ಯಾಸವನ್ನು ಮುಂದಿಟ್ಟರು. ಮಾಹಿತಿ, ಅದು ಕಾಣುವ ಬಗೆ, ಬಳಸುವವರ ಆಜ್ಞೆ ಈ ಮೂರನ್ನೂ ಬೇರೆ ಬೇರೆ ಇಡಬೇಕೆಂಬ ಆ ಸೂತ್ರ ಇಂದಿಗೂ ಚಾಲ್ತಿಯಲ್ಲಿದೆ.

ಡೆನ್ಮಾರ್ಕಿನ ಬ್ಯಾರ್ನ ಸ್ಟ್ರೌಸ್ಟ್ರಪ್ 1979ರಲ್ಲಿ ಸಿ ಭಾಷೆಗೆ ಕ್ಲಾಸ್‌ಗಳನ್ನು ಸೇರಿಸತೊಡಗಿದರು. ಅದು 1983ರಲ್ಲಿ ಸಿ ಪ್ಲಸ್ ಪ್ಲಸ್ ಎಂಬ ಹೆಸರು ಪಡೆಯಿತು. ಪೈಥಾನ್ 1991ರಲ್ಲಿ ಮತ್ತು ಜಾವಾ 1995ರಲ್ಲಿ ಹೊರಬಂದವು. ಸಿ ಶಾರ್ಪ್ ಮೊದಲು ಕಾಣಿಸಿದ್ದು 2000ದಲ್ಲಿ. ಇಂದು ಹೊಸಬರು ಕಲಿಯುವುದು ಬಹುಮಟ್ಟಿಗೆ ಈ ನಾಲ್ಕರಲ್ಲಿ ಒಂದನ್ನು.

ಮೂಲ ಪರಿಕಲ್ಪನೆಗಳು

ಕ್ಲಾಸ್ ಮತ್ತು ಆಬ್ಜೆಕ್ಟ್ ನಡುವಿನ ವ್ಯತ್ಯಾಸಕ್ಕೆ ಮಂಡ್ಯದ ಕಡೆಯ ಆಲೆಮನೆ ಒಳ್ಳೆಯ ಹೋಲಿಕೆ ಒದಗಿಸುತ್ತದೆ. ಬೆಲ್ಲದ ಅಚ್ಚು ಒಂದೇ, ಅದರಲ್ಲಿ ಎರೆದು ತೆಗೆದ ಬೆಲ್ಲ ನೂರಾರು. ಅಚ್ಚು ಕ್ಲಾಸ್, ಅಚ್ಚು ಬೆಲ್ಲ ಆಬ್ಜೆಕ್ಟ್. ಆದರೆ ಈ ಹೋಲಿಕೆ ಅರ್ಧ ದಾರಿಗೆ ನಿಲ್ಲುತ್ತದೆ. ಅಚ್ಚು ರೂಪವನ್ನಷ್ಟೇ ಕೊಡುತ್ತದೆ, ಕ್ಲಾಸ್ ನಡವಳಿಕೆಯನ್ನೂ ಕೊಡುತ್ತದೆ. ಹಾಗಾಗಿ ತೂಕದ ಚೀಟಿಯ ಉದಾಹರಣೆ ಹೆಚ್ಚು ದೂರ ಬರುತ್ತದೆ.

ಕಬ್ಬು ತುಂಬಿದ ಗಾಡಿಯನ್ನು ಕಾರ್ಖಾನೆಯ ವೇ ಬ್ರಿಡ್ಜ್ ಮೇಲೆ ಎರಡು ಸಲ ತೂಗುತ್ತಾರೆ. ತುಂಬಿದಾಗ ಬಂದದ್ದು ಒಟ್ಟು ತೂಕ, ಕಬ್ಬು ಇಳಿಸಿದ ಮೇಲೆ ಬಂದದ್ದು ಖಾಲಿ ತೂಕ. ಕಳೆದರೆ ನಿವ್ವಳ ತೂಕ. ‘ತೂಕದ ಚೀಟಿ’ ಎಂಬ ಕ್ಲಾಸ್ ಬರೆದರೆ ಅದರಲ್ಲಿ ರೈತರ ಹೆಸರು, ಗಾಡಿ ಸಂಖ್ಯೆ, ಒಟ್ಟು ತೂಕ, ಖಾಲಿ ತೂಕ, ದರ, ದಿನಾಂಕ ಎಂಬ ಮಾಹಿತಿಗಳಿರುತ್ತವೆ. ನಿವ್ವಳ ಎಷ್ಟು, ಹಣ ಎಷ್ಟು ಎಂದು ಕೇಳಿದರೆ ಲೆಕ್ಕ ಹಾಕಿ ಹೇಳುವ ಮೆಥಡ್‌ಗಳೂ ಅಲ್ಲೇ ಇರುತ್ತವೆ. ಒಂದು ಗಾಡಿ ತೂಗಿದಾಗ ಹುಟ್ಟುವ ಒಂದು ಚೀಟಿ ಒಂದು ಆಬ್ಜೆಕ್ಟ್. ಅದು ಹುಟ್ಟುವ ಹೊತ್ತಿಗೆ ಬೇಕಾದ ಮೊದಲ ಮಾಹಿತಿಯನ್ನು ತುಂಬುವ ಭಾಗಕ್ಕೆ ಕನ್‌ಸ್ಟ್ರಕ್ಟರ್ ಎಂದು ಹೆಸರು.

ಒಟ್ಟು ತೂಕ 18.640 ಟನ್, ಖಾಲಿ ತೂಕ 6.240 ಟನ್ ಎಂದಿಟ್ಟುಕೊಳ್ಳೋಣ. ನಿವ್ವಳ 12.400 ಟನ್. ಕೇಂದ್ರ ಸರ್ಕಾರ 2025–26ರ ಹಂಗಾಮಿಗೆ ಗೊತ್ತುಮಾಡಿದ ಕಬ್ಬಿನ ಕನಿಷ್ಠ ದರವಾದ ಎಫ್‌ಆರ್‌ಪಿ, ಶೇ. 10.25 ಸಕ್ಕರೆ ಇಳುವರಿಗೆ, ಕ್ವಿಂಟಲ್‌ಗೆ 355 ರೂಪಾಯಿ, ಅಂದರೆ ಟನ್ನಿಗೆ 3,550. ಕಟಾವು, ಸಾಗಣೆಯ ಕಡಿತ ಬಿಟ್ಟು ನೋಡಿದರೆ ಚೀಟಿ ಹೇಳಬೇಕಾದ ಉತ್ತರ 44,020 ರೂಪಾಯಿ. ಮೊದಲ ಪ್ರೋಗ್ರಾಂ ಬರೆಯುವವರಿಗೆ ಇಂಥ ಲೆಕ್ಕ ಅನುಕೂಲ. ಪರದೆಯ ಮೇಲೆ ಬಂದ ಅಂಕಿ ಸರಿಯೋ ತಪ್ಪೋ ಎಂಬುದನ್ನು ಕಾಗದದ ಮೇಲೆ ತಾವೇ ತಾಳೆ ನೋಡಬಹುದು.

ಎನ್‌ಕ್ಯಾಪ್ಸುಲೇಷನ್ ಎಂದರೆ ಒಳಗಿನ ಮಾಹಿತಿಗೆ ಹೊರಗಿನವರು ನೇರ ಕೈ ಹಾಕದಂತೆ ಕಾಯುವುದು. ನಿವ್ವಳ ತೂಕವನ್ನು ಯಾರೂ ಬರೆಯುವಂತಿರಬಾರದು, ಕೇಳಬಹುದಷ್ಟೆ. ಖಾಲಿ ತೂಕ ಒಟ್ಟು ತೂಕಕ್ಕಿಂತ ಹೆಚ್ಚೆಂದು ಬೆರಳು ತಪ್ಪಿ ಒತ್ತಿದರೆ ಚೀಟಿಯೇ ಒಪ್ಪಬಾರದು. ತೂಕದಲ್ಲಿ ಮೋಸವೆಂಬ ಮಾತು ಕೇಳುತ್ತಲೇ ಬೆಳೆದ ಸೀಮೆಯ ಹುಡುಗರಿಗೆ ಈ ಕಾವಲು ಏಕೆ ಬೇಕು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ಹೆರಿಟೆನ್ಸ್ ಎಂದರೆ ಒಂದು ಕ್ಲಾಸಿನ ಗುಣಗಳನ್ನು ಇನ್ನೊಂದು ಪಡೆಯುವುದು. ‘ವಾಹನ’ ಎಂಬ ಮೂಲ ಕ್ಲಾಸಿನಿಂದ ಎತ್ತಿನ ಗಾಡಿ, ಟ್ರ್ಯಾಕ್ಟರ್, ಲಾರಿ ಎಂಬ ಕ್ಲಾಸ್‌ಗಳು ಕವಲೊಡೆಯಬಹುದು. ಮೂರಕ್ಕೂ ಖಾಲಿ ತೂಕವಿದೆ, ನೋಂದಣಿ ಸಂಖ್ಯೆ ಎತ್ತಿನ ಗಾಡಿಗಿಲ್ಲ. ‘ಗುರುತು ಹೇಳು’ ಎಂದು ಮೂರಕ್ಕೂ ಒಂದೇ ಮಾತು ಕೇಳಿದಾಗ ಲಾರಿ ತನ್ನ ನಂಬರನ್ನೂ ಎತ್ತಿನ ಗಾಡಿ ತನ್ನ ಯಜಮಾನನ ಹೆಸರನ್ನೂ ಹೇಳಿದರೆ ಅದು ಪಾಲಿಮಾರ್ಫಿಸಂ. ಹೊಸಬರು ಎಡವುವುದು ಟ್ರೈಲರ್ ಹತ್ತಿರ. ಟ್ರೈಲರ್ ಟ್ರ್ಯಾಕ್ಟರಿನ ವಂಶದ್ದಲ್ಲ, ಅದರ ಹಿಂದೆ ಸಿಕ್ಕಿಸಿದ್ದು. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೈಲರ್ ಇರಬಹುದು, ನಾಳೆ ಬೇರೆ ಟ್ರ್ಯಾಕ್ಟರ್ ಎಳೆಯಬಹುದು. ಇಂಥ ಕಡೆ ಇನ್ಹೆರಿಟೆನ್ಸ್ ಸಲ್ಲದು, ಒಂದರೊಳಗೆ ಇನ್ನೊಂದನ್ನು ಇಟ್ಟುಕೊಳ್ಳುವ ಕಾಂಪೊಸಿಷನ್ ಬೇಕು. ‘ಇದು ಅದರ ಒಂದು ಬಗೆಯೇ, ಅಥವಾ ಅದರ ಬಳಿ ಇರುವುದೇ?’ ಎಂಬ ಒಂದು ಪ್ರಶ್ನೆಯಿಂದ ಬಹುಪಾಲು ಗೊಂದಲ ತೀರುತ್ತದೆ.

ಕಿಟಕಿ ಮತ್ತು ಘಟನೆ

ಕಪ್ಪು ಪರದೆಯ ಪ್ರೋಗ್ರಾಂ ಮೇಲಿಂದ ಕೆಳಗೆ ಒಂದೇ ಸಮನೆ ಓಡಿ ಮುಗಿಯುತ್ತದೆ. ಕಿಟಕಿಯ ಪ್ರೋಗ್ರಾಂ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರಂತೆ ಗಿರಾಕಿಗಾಗಿ ಕಾದಿರುತ್ತದೆ. ಗುಂಡಿ ಒತ್ತುವುದು, ಕೀಲಿ ಒತ್ತುವುದು, ಕಿಟಕಿ ಮುಚ್ಚುವುದು ಒಂದೊಂದೂ ಒಂದು ಘಟನೆ, ಅಂದರೆ ಈವೆಂಟ್. ಪ್ರತಿ ಘಟನೆಗೂ ಯಾವ ಮೆಥಡ್ ಓಗೊಡಬೇಕೆಂದು ಮೊದಲೇ ಹೇಳಿಟ್ಟಿರಬೇಕು. ‘ಮೇಲಿಂದ ಕೆಳಗೆ’ ಎಂಬ ಅಭ್ಯಾಸದಿಂದ ‘ಕರೆದಾಗ ಓಗೊಡು’ ಎಂಬ ಅಭ್ಯಾಸಕ್ಕೆ ಮನಸ್ಸು ಹೊರಳುವುದೇ ಈ ಹಂತದ ಕಷ್ಟ.

ಘಟನೆಗಳನ್ನು ಒಂದಾದ ಮೇಲೊಂದು ಎತ್ತಿಕೊಳ್ಳುವ ಸುತ್ತಿಗೆ ಈವೆಂಟ್ ಲೂಪ್ ಎನ್ನುತ್ತಾರೆ. ಗುಂಡಿಯ ಮೆಥಡ್ ಒಳಗೆ ಸಾವಿರಾರು ಚೀಟಿಗಳ ವರದಿ ತಯಾರಿಸಲು ಹೊರಟರೆ ಆ ಸುತ್ತು ನಿಂತುಹೋಗುತ್ತದೆ, ಕಿಟಕಿ ಬೆಳ್ಳಗಾಗುತ್ತದೆ, ಬಳಸುವವರು ‘ಹ್ಯಾಂಗ್ ಆಯ್ತು’ ಎನ್ನುತ್ತಾರೆ. ದೀರ್ಘ ಕೆಲಸವನ್ನು ಪಕ್ಕದಲ್ಲಿ ತಾನಾಗಿ ಓಡುವ ಬೇರೆ ಥ್ರೆಡ್‌ಗೆ ಒಪ್ಪಿಸುವುದು ಇದಕ್ಕೆ ಮದ್ದು.

ಕಿಟಕಿಯ ಸಾಮಗ್ರಿಗಳೇ ಇನ್ಹೆರಿಟೆನ್ಸ್‌ಗೆ ಪಾಠ. ಜಾವಾದ ಸ್ವಿಂಗ್ ಎಂಬ ಕಿಟಕಿ ಸಾಮಗ್ರಿಯಲ್ಲಿ ಒಂದು ಸಾಧಾರಣ ಗುಂಡಿಯ ವಂಶಾವಳಿ ಹೀಗೆ ಮೇಲೇರುತ್ತದೆ: ಜೆಬಟನ್, ಅಬ್‌ಸ್ಟ್ರಾಕ್ಟ್‌ಬಟನ್, ಜೆಕಾಂಪೊನೆಂಟ್, ಕಂಟೇನರ್, ಕಾಂಪೊನೆಂಟ್, ಕೊನೆಗೆ ಆಬ್ಜೆಕ್ಟ್. ಬಣ್ಣ, ಅಳತೆ, ಅಕ್ಷರಶೈಲಿಯನ್ನು ಜೆಬಟನ್ ತಾನಾಗಿ ಕಲಿತಿಲ್ಲ, ಹಿರಿಯರಿಂದ ಪಡೆದಿದೆ.

ಮಾಹಿತಿಯನ್ನು ಉಳಿಸುವುದು ಮುಂದಿನ ಹೆಜ್ಜೆ. ಆರಂಭದಲ್ಲಿ ಸಾದಾ ಫೈಲ್, ಆಮೇಲೆ ಡೇಟಾಬೇಸ್. 2000ದಲ್ಲಿ ಬಂದ ಎಸ್‌ಕ್ಯೂಲೈಟ್ ಇಡೀ ಡೇಟಾಬೇಸನ್ನು ಒಂದೇ ಫೈಲಿನಲ್ಲಿ ಇಡುವುದರಿಂದ ಹೊಸಬರಿಗೆ ಸಲೀಸು. ಕರೆಂಟ್ ಯಾವಾಗ ಹೋಗುವುದೋ ಹೇಳಲಾಗದ ಊರಿನಲ್ಲಿ ಸಂಜೆ ಒಟ್ಟಿಗೆ ಉಳಿಸೋಣ ಎಂಬ ವಿನ್ಯಾಸ ನಿಲ್ಲುವುದಿಲ್ಲ. ಪ್ರತಿ ಚೀಟಿ ಮುಗಿದೊಡನೆ ಅದು ಡಿಸ್ಕ್ ಸೇರಬೇಕು. ಸೇರಿದರೆ ಪೂರ್ತಿ, ಇಲ್ಲವಾದರೆ ಏನೂ ಇಲ್ಲ ಎಂಬ ಟ್ರಾನ್ಸಾಕ್ಷನ್ ನಿಯಮದ ಬೆಲೆ ಅಲ್ಲಿ ತಿಳಿಯುತ್ತದೆ.

ಭಾಷೆಗಳು ಮತ್ತು ಸಲಕರಣೆಗಳು

1991ರಲ್ಲಿ ಬಂದ ಮೈಕ್ರೋಸಾಫ್ಟ್‌ನ ವಿಷುವಲ್ ಬೇಸಿಕ್, ಗುಂಡಿಯನ್ನು ಎಳೆದು ತಂದು ಕಿಟಕಿಯ ಮೇಲೆ ಬಿಡುವ ಸೌಲಭ್ಯದಿಂದ ಲಕ್ಷಾಂತರ ಜನರನ್ನು ಡೆಸ್ಕ್‌ಟಾಪ್ ತಂತ್ರಾಂಶಕ್ಕೆ ಕರೆತಂದಿತು. 1998ರ ಆರನೇ ಆವೃತ್ತಿ ದೀರ್ಘಕಾಲ ಬಳಕೆಯಲ್ಲಿತ್ತು. 2002ರಲ್ಲಿ ಅದೇ ಕಂಪನಿಯ ಡಾಟ್ ನೆಟ್ ವೇದಿಕೆ ಬಂದ ಮೇಲೆ ಹಳೆಯ ವಿಷುವಲ್ ಬೇಸಿಕ್‌ನ ಜಾಗವನ್ನು ಸಿ ಶಾರ್ಪ್ ಮತ್ತು ವಿಂಡೋಸ್ ಫಾರ್ಮ್ಸ್ ತುಂಬಿದವು. ಜಾವಾದಲ್ಲಿ ಮೊದಲು ಎಡಬ್ಲ್ಯೂಟಿ, ಅನಂತರ ಸ್ವಿಂಗ್, ಆಮೇಲೆ ಜಾವಾಎಫ್‌ಎಕ್ಸ್ ಬಳಕೆಗೆ ಬಂದವು. ಪೈಥಾನ್ ಜೊತೆಗೇ ಬರುವ ಟಿಕೆಇಂಟರ್ ನೋಟಕ್ಕೆ ಹಳೆಯದಾದರೂ ಮೊದಲ ಕಿಟಕಿ ತೆರೆಯಲು ಹತ್ತು ಸಾಲು ಸಾಕು. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡಬೇಕಾದ ದೊಡ್ಡ ಕೆಲಸಕ್ಕೆ 1995ರಲ್ಲಿ ಹೊರಬಂದ ಕ್ಯೂಟಿ ಹೆಸರುವಾಸಿ.

ಕಲಿಯುವವರಿಗೆಂದೇ ಮಾಡಿದ ಸಲಕರಣೆಗಳೂ ಇವೆ. ಬ್ಲೂಜೆ ಎಂಬ ಪರಿಸರದಲ್ಲಿ ಕ್ಲಾಸ್‌ಗಳು ಪೆಟ್ಟಿಗೆಗಳಾಗಿ ಪರದೆಯ ಮೇಲೆ ಕಾಣುತ್ತವೆ. ಪೆಟ್ಟಿಗೆಯ ಮೇಲೆ ಕ್ಲಿಕ್ ಮಾಡಿ ಆಬ್ಜೆಕ್ಟ್ ಹುಟ್ಟಿಸಿ, ಅದರ ಮೆಥಡ್‌ಗಳನ್ನು ಒಂದೊಂದಾಗಿ ಕರೆದು ನೋಡಬಹುದು. ಇವರಿಗಿಂತ ಚಿಕ್ಕ ವಯಸ್ಸಿನವರಿಗೆ ಯು.ಬಿ. ಪವನಜ ಅವರು ಲೋಗೋ ಭಾಷೆಯ ಕನ್ನಡ ರೂಪವನ್ನು ಸಿದ್ಧಪಡಿಸಿದರು. ಅದು ಆಬ್ಜೆಕ್ಟ್‌ಗಳ ಭಾಷೆಯಲ್ಲವಾದರೂ, ಆಜ್ಞೆಗಳನ್ನೇ ಕನ್ನಡದಲ್ಲಿ ಕೊಡಬಹುದೆಂದು ತೋರಿಸಿಕೊಟ್ಟಿತು.

ಕನ್ನಡ ಅಕ್ಷರ ಮತ್ತು ಪ್ರೋಗ್ರಾಂ

ಕನ್ನಡ ಹೆಸರುಗಳನ್ನು ಕಿಟಕಿಯಲ್ಲಿ ತುಂಬಿಸಿಕೊಳ್ಳುವ ತಂತ್ರಾಂಶ ಬರೆಯುವವರು ಇಂಗ್ಲಿಷ್ ಪಠ್ಯಪುಸ್ತಕ ಹೇಳದ ಕೆಲವು ಸಂಗತಿಗಳನ್ನು ತಿಳಿದಿರಬೇಕಾಗುತ್ತದೆ. ‘ಮಾಕವಳ್ಳಿ’ ಎಂಬ ಪದವನ್ನು ನಾವು ಎಣಿಸಿದರೆ ಮಾ, ಕ, ವ, ಳ್ಳಿ ಎಂದು ನಾಲ್ಕು ಅಕ್ಷರ. ಪೈಥಾನ್‌ನಲ್ಲಿ ಉದ್ದ ಕೇಳಿದರೆ ಉತ್ತರ 8. ಮ, ಆಕಾರದ ಚಿಹ್ನೆ, ಕ, ವ, ಳ, ವಿರಾಮ, ಮತ್ತೊಂದು ಳ, ಇಕಾರದ ಚಿಹ್ನೆ ಎಂದು ಯೂನಿಕೋಡ್ ಎಂಬ ಅಕ್ಷರ ಸಂಕೇತ ಪದ್ಧತಿ ಬಿಡಿಬಿಡಿಯಾಗಿ ಎಣಿಸುತ್ತದೆ. ಯುಟಿಎಫ್-8 ರೂಪದಲ್ಲಿ ಒಂದೊಂದಕ್ಕೂ 3 ಬೈಟ್ ಹಿಡಿದು ಫೈಲಿನಲ್ಲಿ ಆ ಊರಿನ ಹೆಸರು 24 ಬೈಟ್ ಜಾಗ ತಿನ್ನುತ್ತದೆ. ಹೆಸರಿನ ಕಾಲಂಗೆ 20 ಬೈಟ್ ಸಾಕೆಂದು ನಿಗದಿ ಮಾಡಿದರೆ ಊರಿನ ಬಾಲ ಕತ್ತರಿಸಿಹೋಗುತ್ತದೆ.

‘ರಾಜ್‌ಕುಮಾರ್’ ಎಂಬಲ್ಲಿ ಜ್ ಮತ್ತು ಕು ಒತ್ತಕ್ಷರವಾಗಿ ಅಂಟಿಕೊಳ್ಳದಂತೆ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಹಾಕದೆ ಟೈಪ್ ಮಾಡಿದರೆ ಕಂಪ್ಯೂಟರಿಗೆ ಅವು ಎರಡು ಬೇರೆ ಹೆಸರು. ಹುಡುಕಾಟದಲ್ಲಿ ಒಂದು ಸಿಕ್ಕಿ ಮತ್ತೊಂದು ತಪ್ಪಿಸಿಕೊಳ್ಳುತ್ತದೆ. ಪೈಥಾನ್ 3ರಿಂದ ಚರಗಳಿಗೂ ಕ್ಲಾಸ್‌ಗಳಿಗೂ ಕನ್ನಡದಲ್ಲೇ ಹೆಸರಿಡಬಹುದು. ‘ಚೀಟಿ’, ‘ತೂಕ’ ಎಂದು ಬರೆದರೆ ಭಾಷೆ ತಕರಾರಿಲ್ಲದೆ ಒಪ್ಪುತ್ತದೆ. ಆದರೆ ಮೇಲೆ ಹೇಳಿದ ಅದೃಶ್ಯ ಚಿಹ್ನೆ ಹೆಸರಿನೊಳಗೆ ಸೇರಿದರೆ ಒಪ್ಪುವುದಿಲ್ಲ.

ಯೂನಿಕೋಡ್ ನೆಲೆಗೊಳ್ಳುವ ಮೊದಲು ಒಂದೊಂದು ತಂತ್ರಾಂಶಕ್ಕೂ ಒಂದೊಂದು ಅಕ್ಷರ ಸಂಕೇತವಿತ್ತು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಗೀಚಾಗಿ ಕಾಣುತ್ತಿತ್ತು. ಹಳೆಯ ಕಡತಗಳನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳಿಗೆ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಕೆಲಸವಿದೆ.

ಕರ್ನಾಟಕದ ಡೆಸ್ಕ್‌ಟಾಪ್ ತಂತ್ರಾಂಶಗಳು

ಭಾರತದ ಅಂಗಡಿ ಅಂಗಡಿಗೂ ತಲುಪಿದ ಲೆಕ್ಕದ ತಂತ್ರಾಂಶ ಟ್ಯಾಲಿ ಬೆಂಗಳೂರಿನದು. ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ 1986ರಲ್ಲಿ ಪ್ಯೂಟ್ರಾನಿಕ್ಸ್ ಹೆಸರಿನಲ್ಲಿ ಅದನ್ನು ಆರಂಭಿಸಿದರು. ತಮ್ಮ ವ್ಯವಹಾರಕ್ಕೆ ಒಪ್ಪುವ ಲೆಕ್ಕದ ತಂತ್ರಾಂಶ ಸಿಗದಿದ್ದುದೇ ಅದರ ಹುಟ್ಟಿಗೆ ಕಾರಣ. ತಾಲ್ಲೂಕು ಕೇಂದ್ರಗಳ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ‘ಟ್ಯಾಲಿ ಕ್ಲಾಸ್’ ಎಂಬುದು ವಾಣಿಜ್ಯ ವಿದ್ಯಾರ್ಥಿಗಳ ಪಾಲಿಗೆ ಮಾಮೂಲಿ ಮಾತು.

ಕನ್ನಡ ಬರವಣಿಗೆಯ ತಂತ್ರಾಂಶಗಳದು ಇನ್ನೊಂದು ಧಾರೆ. ಕೆ.ಪಿ. ರಾವ್ ಅವರು ಉಚ್ಚಾರಣೆಯನ್ನು ಅನುಸರಿಸುವ ಕೀಲಿಮಣೆ ವಿನ್ಯಾಸವನ್ನು ರೂಪಿಸಿದರು. ಅದೇ ಮುಂದೆ ರಾಜ್ಯದ ಅಧಿಕೃತ ವಿನ್ಯಾಸಕ್ಕೆ ತಳಹದಿಯಾಯಿತು. ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ‘ಬರಹ’ವನ್ನು ಹೊರತಂದರು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಸರ್ಕಾರಿ ಕಚೇರಿಗಳಲ್ಲಿ ನೆಲೆಯೂರಿತು. ಅದೇ ಕಾಲದಲ್ಲಿ ಕಂದಾಯ ಇಲಾಖೆಯ ‘ಭೂಮಿ’ ಯೋಜನೆ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಹಳ್ಳಿಯ ರೈತರಲ್ಲಿ ಬಹಳ ಮಂದಿ ತಮ್ಮ ಹೆಸರನ್ನು ಮೊದಲ ಸಲ ಕಂಪ್ಯೂಟರ್ ಅಕ್ಷರದಲ್ಲಿ ಕಂಡದ್ದು ಆ ಪಹಣಿಯಲ್ಲಿ.

ಮಂಡ್ಯ ಸೀಮೆಯಲ್ಲಿ ಕಲಿಕೆ

ಕರ್ನಾಟಕದ ದ್ವಿತೀಯ ಪಿಯುಸಿ ಕಂಪ್ಯೂಟರ್ ಸೈನ್ಸ್ ವಿಷಯದಲ್ಲಿ ಬಹಳ ವರ್ಷ ಸಿ ಪ್ಲಸ್ ಪ್ಲಸ್ ಪಾಠವಿತ್ತು. ವಿಜ್ಞಾನದ ಪಿಸಿಎಂಸಿ, ವಾಣಿಜ್ಯದ ಸೆಬಾ ಎರಡೂ ವಿಭಾಗದ ವಿದ್ಯಾರ್ಥಿಗಳು ಕ್ಲಾಸ್, ಕನ್‌ಸ್ಟ್ರಕ್ಟರ್, ಇನ್ಹೆರಿಟೆನ್ಸ್ ಎಂಬ ಪದಗಳನ್ನು ಮೊದಲು ಕೇಳಿದ್ದು ಅಲ್ಲಿ. ಟರ್ಬೋ ಸಿ ಪ್ಲಸ್ ಪ್ಲಸ್‌ನ ನೀಲಿ ಪರದೆ ಆ ತಲೆಮಾರಿನ ಸಾಮಾನ್ಯ ನೆನಪು. ಈಚೆಗೆ ಎನ್‌ಸಿಇಆರ್‌ಟಿ ಪಠ್ಯದೊಡನೆ ಪೈಥಾನ್ ಬಂದಿದೆ. ಅದರಲ್ಲಿ ಫೈಲ್, ಸ್ಟ್ಯಾಕ್, ಕ್ಯೂ, ಡೇಟಾಬೇಸ್ ಪಾಠಗಳಿವೆ, ಕ್ಲಾಸ್ ಬರೆಯುವ ಪಾಠವಿಲ್ಲ. ಹೀಗಾಗಿ ಆಬ್ಜೆಕ್ಟ್‌ಗಳ ನಿಜವಾದ ಪರಿಚಯ ಪದವಿಗೆ ಮುಂದೆ ಹೋಗಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ಸೈನ್ಸ್‌ನ ಮೂರನೇ ಸೆಮಿಸ್ಟರಿಗೆ ಜಾವಾ ಮೂಲಕ ಈ ವಿಷಯವನ್ನು ಕಲಿಸುತ್ತಾರೆ.

ಮಾಕವಳ್ಳಿಯ ಸುತ್ತಿನವರಿಗೆ ಎಂಜಿನಿಯರಿಂಗ್ ಓದಲು ಹತ್ತಿರವಿರುವುದು 2007ರಲ್ಲಿ ಆರಂಭವಾದ ಕೃಷ್ಣರಾಜಪೇಟೆಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ಸಂಸ್ಥೆಯ ಬಿಜಿಎಸ್ ತಾಂತ್ರಿಕ ಕಾಲೇಜು, ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳವಾಡಿಯಲ್ಲಿ ಮಹಾರಾಜ ತಾಂತ್ರಿಕ ಕಾಲೇಜು, ಮಂಡ್ಯದಲ್ಲಿ 1962ರ ಪಿಇಎಸ್ ಎಂಜಿನಿಯರಿಂಗ್ ಕಾಲೇಜು ಇವೆ. ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಬಂದವರಿಗೆ ಇಲ್ಲಿ ಎರಡು ಭಾಷೆಗಳನ್ನು ಒಟ್ಟಿಗೆ ಕಲಿಯುವ ಹೊರೆ ಬೀಳುತ್ತದೆ: ಒಂದು ಜಾವಾ, ಇನ್ನೊಂದು ಜಾವಾ ಪುಸ್ತಕದ ಇಂಗ್ಲಿಷ್. ‘ಪಾಲಿಮಾರ್ಫಿಸಂ’ ಎಂಬ ಪದ ಹೆದರಿಸುವಷ್ಟು ಅದರ ವಿಚಾರ ಹೆದರಿಸುವುದಿಲ್ಲ.

ಸಾಮಾನ್ಯ ತಪ್ಪುಗಳು

ವ್ಯಾಖ್ಯೆ ಬಾಯಿಪಾಠ ಮಾಡಿದರೆ ಪರೀಕ್ಷೆಯಲ್ಲಿ ಅಂಕ ಬರುತ್ತದೆ. ಆದರೆ ಎನ್‌ಕ್ಯಾಪ್ಸುಲೇಷನ್ ಬಗ್ಗೆ ಒಂದು ಪುಟ ಬರೆಯಬಲ್ಲವರೂ ಕಿಟಕಿಯ ಪ್ರೋಗ್ರಾಂ ಬರೆಯುವಾಗ ಎಲ್ಲ ಲೆಕ್ಕವನ್ನೂ ‘ಉಳಿಸು’ ಗುಂಡಿಯ ಮೆಥಡ್ ಒಳಗೇ ತುರುಕುವುದುಂಟು. ಆಗ ಚೀಟಿ ಎಂಬ ಆಬ್ಜೆಕ್ಟೇ ಇರುವುದಿಲ್ಲ, ಇರುವುದು ಪರದೆಯ ಮೇಲಿನ ಖಾನೆಗಳು ಮಾತ್ರ. ಅದೇ ಲೆಕ್ಕವನ್ನು ತಿಂಗಳ ವರದಿಗೆ ಇನ್ನೊಮ್ಮೆ ಬರೆಯಬೇಕಾಗುತ್ತದೆ, ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆಯುವುದಾಗುತ್ತದೆ.

ಹಣದ ಲೆಕ್ಕದಲ್ಲಿ ದಶಮಾಂಶ ಸಂಖ್ಯೆಗಳನ್ನು ಕುರುಡಾಗಿ ನಂಬುವುದು ಇನ್ನೊಂದು ತಪ್ಪು. ಕಂಪ್ಯೂಟರ್‌ನ ದ್ವಿಮಾನ ಪದ್ಧತಿಯಲ್ಲಿ 0.1 ನಿಖರವಾಗಿ ಕೂರುವುದಿಲ್ಲ. 0.1ಕ್ಕೆ 0.2 ಕೂಡಿಸಿದರೆ ಪೈಥಾನ್ 0.30000000000000004 ಎಂದು ತೋರಿಸುತ್ತದೆ. ಹಣವನ್ನು ಪೈಸೆಯ ಪೂರ್ಣಾಂಕವಾಗಿ, ತೂಕವನ್ನು ಕಿಲೋಗ್ರಾಂ ಪೂರ್ಣಾಂಕವಾಗಿ ಇಟ್ಟುಕೊಂಡರೆ ಈ ತೊಡಕಿಲ್ಲ.

ತಾನು ಬರೆದ ಕಂಪ್ಯೂಟರ್‌ನಲ್ಲಿ ಓಡಿದ್ದು ಇನ್ನೊಬ್ಬರ ಬಳಿ ಓಡದಿರುವುದು ಮೂರನೆಯದು. ಜಾವಾ ರನ್‌ಟೈಮ್ ಇಲ್ಲದಿರುವುದು, ಫೈಲಿನ ದಾರಿಯನ್ನು ತನ್ನ ಫೋಲ್ಡರಿನ ಹೆಸರಿನಲ್ಲೇ ಬರೆದಿರುವುದು ಸಾಮಾನ್ಯ ಕಾರಣಗಳು. ತಂತ್ರಾಂಶವನ್ನು ಪೆನ್ ಡ್ರೈವ್‌ನಲ್ಲಿ ಹಾಕಿ ಬೇರೊಂದು ಕಂಪ್ಯೂಟರ್‌ನಲ್ಲಿ ಓಡಿಸಿ ನೋಡಿದ ಮೇಲೆಯೇ ಕೆಲಸ ಮುಗಿಯಿತೆನ್ನಬೇಕು.

ಇಂದಿನ ಸ್ಥಿತಿ

ಹೊಸ ತಂತ್ರಾಂಶಗಳಲ್ಲಿ ಬಹುಪಾಲು ಇಂದು ಮೊಬೈಲ್ ಮತ್ತು ಬ್ರೌಸರ್‌ಗೆ ಸರಿದಿವೆ. ಡೆಸ್ಕ್‌ಟಾಪ್ ಉಳಿದಿರುವುದು ನೆಟ್‌ವರ್ಕ್ ನೆಚ್ಚಲಾಗದ ಕಡೆ, ಪ್ರಿಂಟರ್, ತೂಕದ ಯಂತ್ರದಂಥ ಸಾಧನಗಳಿಗೆ ನೇರ ತಂತಿ ಎಳೆಯಬೇಕಾದ ಕಡೆ, ದಿನವಿಡೀ ಕೀಲಿಮಣೆಯ ಮೇಲೆ ಕೈಯಾಡಿಸುವವರ ಮೇಜಿನ ಮೇಲೆ. ಕಲಿಕೆಗೆ ಅದರ ಬೆಲೆ ಇನ್ನೂ ಇಳಿದಿಲ್ಲ. ಒಂದೇ ಕಂಪ್ಯೂಟರ್‌ನಲ್ಲಿ ಮಾಹಿತಿ, ಲೆಕ್ಕ, ಕಿಟಕಿ, ಫೈಲ್ ಎಲ್ಲವೂ ಕೈಗೆಟಕುವಷ್ಟು ಹತ್ತಿರ ಇರುತ್ತವೆ.

ಕಲಿತದ್ದು ನಿಂತಿದೆಯೇ ಎಂದು ನೋಡಲು ಕಬ್ಬಿನ ದರ ಸಾಕು. 2024–25ರಲ್ಲಿ ಎಫ್‌ಆರ್‌ಪಿ ಕ್ವಿಂಟಲ್‌ಗೆ 340 ರೂಪಾಯಿ ಇತ್ತು, ಮರುವರ್ಷ 355 ಆಯಿತು. ದರವನ್ನು ಲೆಕ್ಕದ ಸಾಲಿನೊಳಗೇ ಬರೆದ ಪ್ರೋಗ್ರಾಂನಲ್ಲಿ ಅಂಕಿ ತಿದ್ದಿದೊಡನೆ ಹಿಂದಿನ ವರ್ಷದ 12.400 ಟನ್ನಿನ ಚೀಟಿಯೂ 42,160 ಬಿಟ್ಟು 44,020 ಎನ್ನತೊಡಗುತ್ತದೆ, ಹಳೆಯ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಪ್ರತಿ ಚೀಟಿಯೂ ತಾನು ಹುಟ್ಟಿದ ದಿನದ ದರವನ್ನು ತನ್ನೊಳಗೆ ಇಟ್ಟುಕೊಂಡಿದ್ದರೆ ಹೊಸ ದರ ಹೊಸ ಚೀಟಿಗೆ ಮಾತ್ರ ತಾಗುತ್ತದೆ. ಹಳೆಯ ಚೀಟಿಯನ್ನು ಯಾವಾಗ ತೆರೆದರೂ ಅದು 42,160 ಎಂದೇ ಹೇಳುತ್ತದೆ.